ಆಕ್ಸೆಸ್ ಪಾಯಿಂಟ್ ಆಗಿ ಎರಡನೇ ರೂಟರ್

ಮನೆಯ ಮುಖ್ಯ ರೂಟರಿಗೆ ನೆಟ್‌ವರ್ಕ್ ಕೇಬಲ್‌ನಿಂದ ಜೋಡಿಸಿ, ವಿಳಾಸ ಹಂಚುವ ಮತ್ತು ದಾರಿ ತೋರುವ ಕೆಲಸಗಳನ್ನು ನಿಲ್ಲಿಸಿ, ವೈಫೈ ಸಿಗ್ನಲ್ ಒದಗಿಸಲು ಮಾತ್ರ ಬಳಸುವ ಇನ್ನೊಂದು ರೂಟರೇ ಆಕ್ಸೆಸ್ ಪಾಯಿಂಟ್ ಆಗಿ ಅಳವಡಿಸಿದ ಎರಡನೇ ರೂಟರ್. ಒಂದೇ ಪೆಟ್ಟಿಗೆಯ ಸಿಗ್ನಲ್ ಮುಟ್ಟದ ಕೋಣೆ, ಮಹಡಿ ಅಥವಾ ಹೊರಮನೆಗೆ ಅದೇ ಜಾಲವನ್ನು ವಿಸ್ತರಿಸುವುದು ಇದರ ಉದ್ದೇಶ. ಹೀಗೆ ಮಾರ್ಪಟ್ಟ ಪೆಟ್ಟಿಗೆಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ರೂಟರ್ ತಂತ್ರಾಂಶದ ಬಳಕೆದಾರರಲ್ಲಿ ‘ಡಂಬ್ ಎಪಿ’ ಎಂಬ ಹೆಸರೂ ಇದೆ.

ಇಂಟರ್ನೆಟ್ ಸಂಪರ್ಕ ನೇರವಾಗಿ ಬಂದು ಸೇರುವ ಪೆಟ್ಟಿಗೆಯನ್ನು ಈ ಲೇಖನದಲ್ಲಿ ಮುಖ್ಯ ರೂಟರ್ ಎಂದೂ ಆಕ್ಸೆಸ್ ಪಾಯಿಂಟನ್ನು ಚಿಕ್ಕದಾಗಿ ಎಪಿ ಎಂದೂ ಕರೆಯಲಾಗಿದೆ. ಫೈಬರ್ ಸಂಪರ್ಕದ ಮನೆಗಳಲ್ಲಿ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಓಎನ್‌ಟಿ ಮತ್ತು ರೂಟರ್ ಒಟ್ಟಿಗೇ ಇರುವುದುಂಟು. ಆಗ ಆ ಪೆಟ್ಟಿಗೆಯೇ ಮುಖ್ಯ ರೂಟರ್.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಡಾವಣೆಗಳಲ್ಲಿ 30X40 ಅಡಿಯ ನಿವೇಶನದಲ್ಲಿ ಎದ್ದ ಎರಡು ಅಂತಸ್ತಿನ ಮನೆ ಇಂಥ ಅಳವಡಿಕೆಗೆ ಮಾದರಿ ಸಂದರ್ಭ. ಫೈಬರ್ ಎಳೆ ಕೆಳಮಹಡಿಯ ಹಾಲ್‌ಗೆ ಬರುತ್ತದೆ, ಟಿವಿ ಸ್ಟ್ಯಾಂಡಿನ ಪಕ್ಕದಲ್ಲೇ ಪೆಟ್ಟಿಗೆ ಕೂರುತ್ತದೆ. ಮೇಲಿನ ಮಲಗುವ ಕೋಣೆಗೆ ತಲುಪುವಷ್ಟರಲ್ಲಿ ಸಿಗ್ನಲ್ ಒಂದು ಆರ್‌ಸಿಸಿ ಛಾವಣಿಯನ್ನೂ ಎರಡು ಗೋಡೆಗಳನ್ನೂ ದಾಟಬೇಕು. ಹಿಂದಿನ ಸಂಪರ್ಕದ ಹಳೆಯ ರೂಟರ್ ಅಟ್ಟದ ಮೇಲೆ ಸುಮ್ಮನೆ ಕುಳಿತಿದ್ದರೆ, ಕೇಬಲ್‌ನ ಖರ್ಚಿನಲ್ಲೇ ಕೆಲಸ ಮುಗಿಯುತ್ತದೆ.

ಹಿನ್ನೆಲೆ

ಎಪಿ ಗೃಹ ರೂಟರಿಗಿಂತ ಹಳೆಯದು. ಅಮೆರಿಕದ ಸಂಪರ್ಕ ಆಯೋಗ 1985ರಲ್ಲಿ ಕೆಲವು ಆವರ್ತನ ಪಟ್ಟಿಗಳನ್ನು ಲೈಸೆನ್ಸ್ ಇಲ್ಲದ ಬಳಕೆಗೆ ತೆರೆದ ಮೇಲೆ ನಿಸ್ತಂತು ಕಂಪ್ಯೂಟರ್ ಜಾಲದ ಸಂಶೋಧನೆಗೆ ವೇಗ ಬಂತು. ವಿಕ್ ಹೇಯ್ಸ್ ಅವರ ಅಧ್ಯಕ್ಷತೆಯ ಐಇಇಇ ಸಮಿತಿ 1997ರಲ್ಲಿ 802.11 ಎಂಬ ಮಾನಕವನ್ನು ಹೊರತಂದಿತು. ಅದರ ಗರಿಷ್ಠ ವೇಗ ಸೆಕೆಂಡಿಗೆ 2 ಮೆಗಾಬಿಟ್. ಈ ಮಾನಕ ವಿಳಾಸ ಹಂಚಿಕೆಯ ಗೊಡವೆಗೇ ಹೋಗುವುದಿಲ್ಲ. ತಂತಿಯ ಜಾಲ ಮತ್ತು ಗಾಳಿಯಲ್ಲಿರುವ ಸಾಧನಗಳ ನಡುವೆ ಸೇತುವೆಯಾಗಿ ಎಪಿಯನ್ನು ಅದು ವಿವರಿಸುತ್ತದೆ. ಒಂದೇ ಹೆಸರಿನ ಹಲವು ಎಪಿಗಳು ಒಂದು ತಂತಿಯ ಜಾಲಕ್ಕೆ ಸೇರಿ ದೊಡ್ಡ ಪ್ರದೇಶಕ್ಕೆ ಸೇವೆ ಕೊಡುವ ವ್ಯವಸ್ಥೆಯೂ ಅದರಲ್ಲಿದೆ. ಎರಡನೇ ರೂಟರನ್ನು ಎಪಿ ಮಾಡುವವರು ಈ ಮೂಲ ವಿನ್ಯಾಸವನ್ನೇ ಮನೆಗೆ ತರುತ್ತಿದ್ದಾರೆ.

ರೂಟರಿನ ಉಳಿದ ಅಂಗಗಳು ಬೇರೆ ಬೇರೆ ಕಡೆಯಿಂದ ಬಂದು ಸೇರಿದವು. ಸಾಧನಗಳಿಗೆ ತಾನಾಗಿ ವಿಳಾಸ ಕೊಡುವ ಡಿಎಚ್‌ಸಿಪಿ ನಿಯಮಾವಳಿ 1993ರಲ್ಲಿ ಪ್ರಕಟವಾಯಿತು. ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಕಂಪ್ಯೂಟರುಗಳು ಹಂಚಿಕೊಳ್ಳುವ ನ್ಯಾಟ್ ವಿಧಾನವನ್ನು ಕೆಲ್ಡ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ 1994ರಲ್ಲಿ ವಿವರಿಸಿದರು. ಇಂದು ಮನೆಮನೆಯಲ್ಲಿ ಕಾಣುವ 192.168ರಿಂದ ಆರಂಭವಾಗುವ ಖಾಸಗಿ ವಿಳಾಸಗಳು ಈಗಿನ ಸ್ವರೂಪದಲ್ಲಿ ನೆಲೆಯಾದದ್ದು 1996ರ ಆರ್‌ಎಫ್‌ಸಿ 1918 ದಾಖಲೆಯಿಂದ. ಆಪಲ್ ಕಂಪನಿ 1999ರ ಜುಲೈನಲ್ಲಿ ಪರಿಚಯಿಸಿದ ಏರ್‌ಪೋರ್ಟ್ ಬೇಸ್ ಸ್ಟೇಷನ್ ಇವನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟು ಮನೆಯ ಗ್ರಾಹಕರಿಗೆ ತಲುಪಿಸಿದ ಮೊದಲ ಸಾಧನಗಳಲ್ಲಿ ಒಂದು.

ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ಪೆಟ್ಟಿಗೆ 2002ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂತು. ಅದರ ಒಳಗೆ ಓಡುತ್ತಿದ್ದುದು ಲಿನಕ್ಸ್ ಎಂದು ಬಳಕೆದಾರರು ಪತ್ತೆಹಚ್ಚಿದರು. ಮುಕ್ತ ಪರವಾನಗಿಯ ಷರತ್ತಿನಂತೆ 2003ರಲ್ಲಿ ಅದರ ಮೂಲಸಂಕೇತ ಹೊರಬಂತು. ಅದೇ ಬುನಾದಿಯ ಮೇಲೆ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಯೋಜನೆ ಆರಂಭವಾಯಿತು. ಹಳೆಯ ರೂಟರಿಗೆ ಹೊಸ ಕೆಲಸ ಹಚ್ಚುವ ಹವ್ಯಾಸ ಜಗತ್ತಿನಾದ್ಯಂತ ಹಬ್ಬಿದ್ದು ಇದರಿಂದ.

ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸ್‌ಮುಕ್ತಗೊಳಿಸಿದ ಅಧಿಸೂಚನೆ 2005ರ ಜನವರಿಯದು. ಬಿಎಸ್‌ಎನ್‌ಎಲ್ ತನ್ನ ಡೇಟಾಒನ್ ಬ್ರಾಡ್‌ಬ್ಯಾಂಡ್ ಸೇವೆ ಆರಂಭಿಸಿದ್ದೂ ಅದೇ ವರ್ಷ. ಟೆಲಿಫೋನ್ ತಂತಿಯ ಎಡಿಎಸ್‌ಎಲ್ ಸಂಪರ್ಕದಿಂದ ಫೈಬರಿಗೆ ಬದಲಾದ ಮನೆಗಳಲ್ಲಿ ಆ ಕಾಲದ ವೈಫೈ ಮೋಡೆಮ್‌ಗಳು ಉಳಿದುಕೊಂಡಿವೆ. ಇವನ್ನೂ ಎಪಿಯಾಗಿ ಬಳಸಬಹುದು. ಟೆಲಿಫೋನ್ ಕಿಂಡಿಯನ್ನು ಖಾಲಿ ಬಿಟ್ಟು, ಕೇಬಲನ್ನು ಲ್ಯಾನ್ ಪೋರ್ಟಿಗೆ ಹಾಕಿದರಾಯಿತು.

ರಚನೆ

ಅಂಗಡಿಯಲ್ಲಿ ರೂಟರ್ ಎಂದು ಸಿಗುವುದು ನಾಲ್ಕು ಸಾಧನಗಳ ಕೂಡಿಕೆ. ಒಂದು, ಹೊರಜಾಲ ಮತ್ತು ಮನೆಜಾಲದ ನಡುವೆ ಮಾಹಿತಿಯ ಪೊಟ್ಟಣಗಳನ್ನು ಸಾಗಿಸುವ, ನ್ಯಾಟ್ ಮತ್ತು ಫೈರ್‌ವಾಲ್ ಇರುವ ನಿಜವಾದ ರೂಟರ್. ಎರಡು, ಫೋನ್, ಲ್ಯಾಪ್‌ಟಾಪ್, ಟಿವಿಗಳಿಗೆ ಐಪಿ ವಿಳಾಸ ಕೊಡುವ ಡಿಎಚ್‌ಸಿಪಿ ಸರ್ವರ್. ಮೂರು, ಸಾಮಾನ್ಯವಾಗಿ ನಾಲ್ಕು ಲ್ಯಾನ್ ಪೋರ್ಟ್‌ಗಳ ಸ್ವಿಚ್. ನಾಲ್ಕು, ರೇಡಿಯೊ ಮತ್ತು ಆಂಟೆನಾ ಇರುವ ಎಪಿ. ಎರಡನೇ ರೂಟರಿನಲ್ಲಿ ಮೊದಲೆರಡನ್ನು ನಿಲ್ಲಿಸಲಾಗುತ್ತದೆ, ಕೊನೆಯ ಎರಡು ಉಳಿಯುತ್ತವೆ. ಇಡೀ ತಂತ್ರದ ತಿರುಳು ಇಷ್ಟೇ.

ಹೀಗೇಕೆ ಮಾಡಬೇಕೆಂದರೆ, ಒಂದು ಜಾಲದಲ್ಲಿ ವಿಳಾಸ ಹಂಚುವವರು ಇಬ್ಬರಿದ್ದರೆ ಎರಡು ತೊಂದರೆಗಳು ಎದುರಾಗುತ್ತವೆ. ಹೊಸದಾಗಿ ಬಂದ ಫೋನ್ ವಿಳಾಸಕ್ಕಾಗಿ ಕೂಗು ಹಾಕಿದಾಗ ಎರಡೂ ಸರ್ವರ್‌ಗಳು ಉತ್ತರಿಸುತ್ತವೆ. ಫೋನ್ ಸಾಮಾನ್ಯವಾಗಿ ಮೊದಲು ಬಂದದ್ದನ್ನು ಒಪ್ಪಿಕೊಳ್ಳುತ್ತದೆ. ಎರಡನೇ ರೂಟರ್ ಕೊಟ್ಟ ಉತ್ತರದಲ್ಲಿ ‘ಹೊರಗೆ ಹೋಗುವ ದಾರಿ ನಾನೇ’ ಎಂದಿರುತ್ತದೆ, ಆದರೆ ಅದರ ಬಳಿ ಹೊರದಾರಿಯೇ ಇರುವುದಿಲ್ಲ. ವೈಫೈ ಗುರುತು ಪೂರ್ತಿ ಕಾಣಿಸುತ್ತಿದ್ದರೂ ನೆಟ್ ಬರುವುದಿಲ್ಲ. ಇನ್ನೊಂದು ತೊಂದರೆ, ಒಂದೇ ವಿಳಾಸ ಎರಡು ಸಾಧನಗಳಿಗೆ ಹೋಗಿ ಎರಡೂ ಆಗಾಗ ಕಡಿತಗೊಳ್ಳುವುದು.

ಇಂಟರ್ನೆಟ್ ತಂತಿಗೆಂದು ಮೀಸಲಾದ, ವ್ಯಾನ್ ಎಂದು ಬೇರೆ ಬಣ್ಣದಲ್ಲಿ ಗುರುತಿಸಿದ ಪೋರ್ಟ್ ಹೊರನೋಟಕ್ಕೆ ಪ್ರತ್ಯೇಕ ಅಂಗದಂತೆ ಕಾಣುತ್ತದೆ. ಅನೇಕ ಮಾದರಿಗಳಲ್ಲಿ ಅದೂ ನಾಲ್ಕು ಲ್ಯಾನ್ ಪೋರ್ಟ್‌ಗಳಿರುವ ಸ್ವಿಚ್ ಚಿಪ್‌ನದೇ ಐದನೇ ಪೋರ್ಟ್. ಫರ್ಮ್‌ವೇರ್ ಅದನ್ನು ವಿಎಲ್‌ಎಎನ್ ಎಂಬ ತಂತ್ರಾಂಶದ ಬೇಲಿಯಿಂದ ಬೇರ್ಪಡಿಸಿರುತ್ತದೆ. ಹೊಸ ರೂಟರುಗಳಲ್ಲಿ ‘ಎಪಿ ಮೋಡ್’ ಆರಿಸಿದಾಗ ಆ ಬೇಲಿ ಹೋಗಿ ಐದೂ ಪೋರ್ಟ್‌ಗಳು ಒಂದೇ ಜಾಲಕ್ಕೆ ಸೇರುತ್ತವೆ. ಆ ಆಯ್ಕೆ ಇಲ್ಲದ ಪೆಟ್ಟಿಗೆಯಲ್ಲಿ ಬೇಲಿ ಹಾಗೇ ಉಳಿಯುವುದರಿಂದ ವ್ಯಾನ್ ಪೋರ್ಟನ್ನು ಖಾಲಿ ಬಿಡಬೇಕು.

ಸಿಗ್ನಲ್ ಕುಂದುವ ಬಗೆ

ವೈಫೈ ಸಿಗ್ನಲ್‌ನ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ. ಸಂಖ್ಯೆ ಋಣಾತ್ಮಕ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ರೂಟರಿನ ಪಕ್ಕದಲ್ಲೇ -30 ಡಿಬಿಎಂ ಆಸುಪಾಸು ಸಿಗಬಹುದು. ವಿಡಿಯೊ ಕರೆ ಸರಾಗವಾಗಿ ನಡೆಯಲು -67ಕ್ಕಿಂತ ಕೆಳಗಿಳಿಯಬಾರದೆಂಬುದು ಜಾಲ ತಂತ್ರಜ್ಞರ ರೂಢಿಯ ಲೆಕ್ಕ. -80 ದಾಟಿದರೆ ಸಂಪರ್ಕ ನಿಲ್ಲುವುದೇ ಕಷ್ಟ.

ಪ್ರತಿ 3 ಡೆಸಿಬೆಲ್ ನಷ್ಟಕ್ಕೆ ಶಕ್ತಿ ಅರ್ಧಕ್ಕಿಳಿಯುತ್ತದೆ, ಪ್ರತಿ 10ಕ್ಕೆ ಹತ್ತನೇ ಒಂದು ಪಾಲಾಗುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದರೆ 6 ಡೆಸಿಬೆಲ್ ಹೋಗುತ್ತದೆ. ಗೋಡೆಗಳ ಪೆಟ್ಟು ಇದಕ್ಕಿಂತ ಜೋರು. ಒಂದು ಕಾಂಕ್ರೀಟ್ ಛಾವಣಿ 15 ಡೆಸಿಬೆಲ್ ನುಂಗಿತು ಎಂದುಕೊಂಡರೆ ಮೇಲಿನ ಮಹಡಿಗೆ ಉಳಿಯುವುದು ಸುಮಾರು ಮೂವತ್ತೆರಡನೇ ಒಂದು ಪಾಲು. ಕರಾವಳಿಯ ಹಳೆಯ ಮನೆಗಳ ದಪ್ಪ ಮುರಕಲ್ಲಿನ ಗೋಡೆ, ಮಳೆಗಾಲದಲ್ಲಿ ತೇವ ಹಿಡಿದಾಗ ಇನ್ನಷ್ಟು ಹೀರುತ್ತದೆ. ಕಬ್ಬಿಣದ ಬೀರು ಮತ್ತು ದೊಡ್ಡ ಕನ್ನಡಿ ಸಿಗ್ನಲನ್ನು ತಿರುಗಿಸಿ ಕಳಿಸುತ್ತವೆ, ನೀರಿನ ಟ್ಯಾಂಕ್ ಹೀರಿಕೊಳ್ಳುತ್ತದೆ.

ಆವರ್ತನ ಹೆಚ್ಚಿದಷ್ಟೂ ಸಾಮಾನ್ಯವಾಗಿ ತಡೆಗಳನ್ನು ದಾಟುವ ಶಕ್ತಿ ಕಡಿಮೆ. 2.4 ಗಿಗಾಹರ್ಟ್ಸ್‌ನ ತರಂಗ ಸುಮಾರು 12 ಸೆಂಟಿಮೀಟರ್ ಉದ್ದ, 5 ಗಿಗಾಹರ್ಟ್ಸ್‌ನದು ಸುಮಾರು 6. ವೇಗ ಹೆಚ್ಚಿರುವುದು ಎರಡನೆಯದರಲ್ಲಿ, ದೂರ ಹೋಗುವುದು ಮೊದಲನೆಯದು.

ಮೇಲುಮಹಡಿಗೆ ಸಿಗ್ನಲ್ ಏರದಿರುವುದಕ್ಕೆ ಆಂಟೆನಾ ಕೂಡ ಒಂದು ಕಾರಣ. ಕಡ್ಡಿಯಂತಹ ಆಂಟೆನಾ ತನ್ನ ಉದ್ದಕ್ಕೆ ಅಡ್ಡಲಾಗಿ ಸುತ್ತಲೂ ಹೆಚ್ಚು ಬೀರುತ್ತದೆ, ತುದಿಯ ದಿಕ್ಕಿನಲ್ಲಿ ತೀರಾ ಕಡಿಮೆ. ನೆಟ್ಟಗೆ ನಿಲ್ಲಿಸಿದ ಆಂಟೆನಾ ಆ ಮಹಡಿಯನ್ನು ಚೆನ್ನಾಗಿ ತುಂಬಿ ನೇರ ಮೇಲಿನ ಕೋಣೆಯನ್ನು ಬರಿದಾಗಿ ಬಿಡುತ್ತದೆ. ಆಂಟೆನಾವನ್ನು ಅಡ್ಡ ಮಲಗಿಸಿದರೆ ಸ್ವಲ್ಪ ಪ್ರಯೋಜನವಾಗುತ್ತದೆ. ಆದರೆ ಕಾಂಕ್ರೀಟ್ ನುಂಗಿದ್ದು ಅದರಿಂದ ಹಿಂದಿರುಗುವುದಿಲ್ಲ. ಕೇಬಲ್ ಆ ಛಾವಣಿಯನ್ನು ಯಾವ ನಷ್ಟವೂ ಇಲ್ಲದೆ ದಾಟುವುದರಿಂದಲೇ ಎಪಿಗೆ ಬೆಲೆ.

ಜೋಡಣೆಯ ವಿಧಗಳು

ಎರಡನೇ ರೂಟರನ್ನು ಮನೆಜಾಲಕ್ಕೆ ಸೇರಿಸುವ ಬಗೆಗಳಲ್ಲಿ ಹೆಚ್ಚು ರೂಢಿಯಲ್ಲಿರುವುದು ಲ್ಯಾನ್-ಲ್ಯಾನ್ ಜೋಡಣೆ. ಮುಖ್ಯ ರೂಟರಿನ ಒಂದು ಲ್ಯಾನ್ ಪೋರ್ಟಿನಿಂದ ಎರಡನೆಯದರ ಲ್ಯಾನ್ ಪೋರ್ಟಿಗೆ ಕೇಬಲ್ ಹೋಗುತ್ತದೆ. ಎಷ್ಟೇ ಹಳೆಯ ಪೆಟ್ಟಿಗೆಯಾದರೂ ಇದು ನಡೆಯುತ್ತದೆ. ತಯಾರಕರು ಒದಗಿಸಿದ ಎಪಿ ಮೋಡ್ ಇದರದೇ ಸಿದ್ಧರೂಪ. ಅದರಲ್ಲಿ ಕೇಬಲನ್ನು ವ್ಯಾನ್ ಪೋರ್ಟಿಗೆ ಹಾಕುವಂತೆ ಸೂಚನೆ ಇರುತ್ತದೆ.

ಏನನ್ನೂ ಬದಲಿಸದೆ ಮುಖ್ಯ ರೂಟರಿನ ಲ್ಯಾನ್‌ನಿಂದ ಎರಡನೆಯದರ ವ್ಯಾನ್‌ಗೆ ಕೇಬಲ್ ಚುಚ್ಚಿದರೂ ನೆಟ್ ಬರುತ್ತದೆ. ಹಾಗಾಗಿ ಅನೇಕ ಮನೆಗಳಲ್ಲಿ ಕೆಲಸ ಅಲ್ಲಿಗೇ ನಿಂತಿರುತ್ತದೆ. ಆದರೆ ಆಗ ಎರಡನೇ ರೂಟರಿನ ಹಿಂದೆ ಬೇರೆಯದೇ ಜಾಲ ಹುಟ್ಟಿಕೊಳ್ಳುತ್ತದೆ. ನ್ಯಾಟ್ ಎರಡು ಬಾರಿ ನಡೆಯುವ ಈ ಸ್ಥಿತಿಗೆ ಡಬಲ್ ನ್ಯಾಟ್ ಎಂದು ಹೆಸರು. ಕೆಳಗಿನ 192.168.1 ಸರಣಿಯ ಪ್ರಿಂಟರ್ ಮೇಲಿನ 192.168.0 ಸರಣಿಯ ಫೋನಿಗೆ ತಾನಾಗಿ ಕಾಣಿಸುವುದಿಲ್ಲ. ಫೋನಿನಿಂದ ಟಿವಿಗೆ ವಿಡಿಯೊ ಕಳಿಸಲು ಹೋದರೆ ಟಿವಿಯ ಹೆಸರೇ ಬರುವುದಿಲ್ಲ. ಇಂಥ ಸಾಧನಗಳು ಒಂದನ್ನೊಂದು ಹುಡುಕುವುದು 224.0.0.251 ಎಂಬ ಸಾಮೂಹಿಕ ವಿಳಾಸಕ್ಕೆ ಕಳಿಸುವ ಸಂದೇಶದಿಂದ, ಆ ಸಂದೇಶ ರೂಟರನ್ನು ದಾಟುವುದಿಲ್ಲ. ಸಾರ್ವಜನಿಕ ವಿಳಾಸಗಳ ಕೊರತೆಯಿಂದ ಸೇವಾ ಕಂಪನಿಗಳು 100.64ರಿಂದ ಆರಂಭವಾಗುವ ಸರಣಿಯಲ್ಲಿ ತಮ್ಮದೇ ನ್ಯಾಟ್ ನಡೆಸುವುದೂ ಉಂಟು; ಅಂಥ ಸಂಪರ್ಕದಲ್ಲಿ ಇದು ಮೂರನೇ ಪದರವಾಗುತ್ತದೆ. ಬಾಡಿಗೆದಾರರ ಅಥವಾ ಪೇಯಿಂಗ್ ಗೆಸ್ಟ್ ಕೋಣೆಗಳ ಜಾಲವನ್ನು ಮನೆಯವರ ಜಾಲದಿಂದ ಬೇರೆ ಇಡಬೇಕಾದಾಗ ಮಾತ್ರ ಈ ಜೋಡಣೆಗೆ ಸಮರ್ಥನೆ ಇದೆ. ಅಲ್ಲಿಯೂ ಒಂದು ಎಚ್ಚರಿಕೆ: ಬಾಡಿಗೆದಾರರು ಎರಡನೇ ರೂಟರಿನ ಹಿಂದಿದ್ದರೆ ಅವರ ಕಡೆಯಿಂದ ಮುಖ್ಯ ಜಾಲದ ಸಾಧನಗಳನ್ನು ವಿಳಾಸ ಹಾಕಿ ತಲುಪುವುದು ಸಾಧ್ಯವೇ ಇರುತ್ತದೆ.

ಕೇಬಲ್ ಇಲ್ಲದೆ ಸಿಗ್ನಲನ್ನು ಗಾಳಿಯಲ್ಲೇ ಹಿಡಿದು ಮತ್ತೆ ಬೀರುವುದು ರಿಪೀಟರ್. ಒಂದೇ ರೇಡಿಯೊ ಕೇಳಬೇಕು, ಅದೇ ಚಾನೆಲ್‌ನಲ್ಲಿ ಮರುನುಡಿಯಬೇಕು; ಆದ್ದರಿಂದ ಸಿಗುವ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಸಿಗ್ನಲ್ ಸತ್ತ ಕೋಣೆಯಲ್ಲೇ ರಿಪೀಟರ್ ಇಟ್ಟರೆ ಅದಕ್ಕೆ ಸಿಗುವುದೂ ಸತ್ತ ಸಿಗ್ನಲ್ಲೇ. ಇದನ್ನು ಮುಖ್ಯ ರೂಟರಿಗೂ ಆ ಕೋಣೆಗೂ ಮಧ್ಯದಲ್ಲಿ ಇಡಬೇಕು. ಗೋಡೆ ಕೊರೆಯಲು ಬಿಡದ ಬಾಡಿಗೆ ಮನೆಗಳಲ್ಲಿ ಇದಕ್ಕೂ, ವಿದ್ಯುತ್ ತಂತಿಯ ಮೇಲೆಯೇ ಮಾಹಿತಿ ಸಾಗಿಸುವ ಪವರ್‌ಲೈನ್ ಅಡಾಪ್ಟರ್‌ಗೂ ಜಾಗವಿದೆ. ಎರಡೂ ಕೇಬಲ್‌ಗೆ ಸಮವಲ್ಲ.

ಕೇಬಲ್

ಮನೆಗೆ ಕ್ಯಾಟ್ 5ಇ ಸಾಕು. ಹೊಸದಾಗಿ ಎಳೆಸುವವರು ಕ್ಯಾಟ್ 6 ಆರಿಸುತ್ತಾರೆ. ಎರಡೂ ಗಿಗಾಬಿಟ್ ವೇಗವನ್ನು 100 ಮೀಟರ್‌ವರೆಗೆ ಒಯ್ಯುತ್ತವೆ. ಒಳಗೆ ನಾಲ್ಕು ಜೋಡಿಯಾಗಿ ಹೊಸೆದ ಎಂಟು ಎಳೆಗಳು. ಟಿ568ಬಿ ಕ್ರಮದಲ್ಲಿ ಅವುಗಳ ಸಾಲು ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡು ತುದಿಯಲ್ಲೂ ಇದೇ ಸಾಲು ಇರುವಂತೆ ಆರ್‌ಜೆ45 ಜ್ಯಾಕ್ ಕ್ರಿಂಪ್ ಮಾಡಬೇಕು.

ಇಲ್ಲೊಂದು ಕಣ್ಣಿಗೆ ಬೀಳದ ಸಮಸ್ಯೆ ಇದೆ. 100 ಮೆಗಾಬಿಟ್ ಸಂಪರ್ಕಕ್ಕೆ ಬೇಕಾದ್ದು 1, 2, 3, 6ನೇ ಪಿನ್‌ಗಳು ಮಾತ್ರ. ಗಿಗಾಬಿಟ್‌ಗೆ ಎಂಟೂ ಬೇಕು. ನೀಲಿ ಅಥವಾ ಕಂದು ಜೋಡಿಯ ಒಂದು ಎಳೆ ಕ್ರಿಂಪಿಂಗ್‌ನಲ್ಲಿ ಸರಿಯಾಗಿ ಕೂರದಿದ್ದರೆ ಸಂಪರ್ಕ ಕಡಿಯುವುದಿಲ್ಲ, ದೀಪವೂ ಉರಿಯುತ್ತದೆ, ಆದರೆ ವೇಗ 100ಕ್ಕೆ ಇಳಿದಿರುತ್ತದೆ. ವೇಗ ಪರೀಕ್ಷೆಯಲ್ಲಿ ಎಷ್ಟು ಸಲ ನೋಡಿದರೂ 94 ಮೆಗಾಬಿಟ್ ಆಸುಪಾಸಿನಲ್ಲೇ ನಿಂತರೆ ಅದು ಇದರ ಗುರುತು. ಇಲ್ಲವೇ ಎರಡನೇ ರೂಟರಿನ ಪೋರ್ಟೇ 100 ಮೆಗಾಬಿಟ್‌ನದು, ಅಗ್ಗದ ಹಳೆಯ ಮಾದರಿಗಳಲ್ಲಿ ಇದು ಸಾಮಾನ್ಯ.

ಮಲೆನಾಡಿನ ತೋಟದ ಮನೆಗಳಲ್ಲಿ ಪ್ರಶ್ನೆ ಬೇರೆ. ಮುಖ್ಯ ಮನೆಯಿಂದ ಅಡಿಕೆ ಒಣಗಿಸುವ ಅಂಗಳದಾಚೆಯ ಕಟ್ಟಡಕ್ಕೆ 100 ಮೀಟರ್ ಮೀರಬಹುದು, ಜೊತೆಗೆ ಸಿಡಿಲಿನ ಭಯ. ಬಯಲಿನಲ್ಲಿ ಎಳೆದ ತಾಮ್ರದ ಕೇಬಲ್ ಸಿಡಿಲಿನ ಪ್ರೇರಿತ ವಿದ್ಯುತ್ತನ್ನು ಎರಡೂ ಕಡೆಯ ಪೆಟ್ಟಿಗೆಗಳಿಗೆ ತರುತ್ತದೆ. ಲೋಹವಿಲ್ಲದ ಫೈಬರ್ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ. ಎರಡು ತುದಿಗೆ ಬೆಳಕು ಮತ್ತು ವಿದ್ಯುತ್ ಸಂಕೇತಗಳನ್ನು ಪರಸ್ಪರ ಬದಲಿಸುವ ಮೀಡಿಯಾ ಕನ್ವರ್ಟರ್ ಇಟ್ಟು ಫೈಬರ್ ಎಳೆಸುವುದೇ ಅಲ್ಲಿ ಸರಿಯಾದ ಮಾರ್ಗ.

ಅಳವಡಿಸುವ ಕ್ರಮ

ಮೊದಲು ಮುಖ್ಯ ರೂಟರಿನ ಎರಡು ವಿವರಗಳನ್ನು ಬರೆದಿಟ್ಟುಕೊಳ್ಳಬೇಕು: ಅದರ ಲ್ಯಾನ್ ವಿಳಾಸ ಮತ್ತು ಅದು ಹಂಚುವ ವಿಳಾಸಗಳ ವ್ಯಾಪ್ತಿ. ಲ್ಯಾನ್ ವಿಳಾಸವು ಫೋನಿನ ವೈಫೈ ವಿವರದಲ್ಲಿ ಗೇಟ್‌ವೇ ಎಂದು ಕಾಣುತ್ತದೆ. ಜಿಯೋಫೈಬರ್ ಪೆಟ್ಟಿಗೆಗಳಲ್ಲಿ ಅದು 192.168.29.1, ಟಿಪಿ-ಲಿಂಕ್, ಡಿ-ಲಿಂಕ್ ರೂಟರುಗಳಲ್ಲಿ 192.168.0.1 ಹೆಚ್ಚು, ಇನ್ನೂ ಅನೇಕ ಪೆಟ್ಟಿಗೆಗಳಲ್ಲಿ 192.168.1.1. ಉದಾಹರಣೆಗೆ ಮುಖ್ಯ ರೂಟರ್ 192.168.1.1 ಆಗಿದ್ದು, 192.168.1.100ರಿಂದ 199ರವರೆಗೆ ಹಂಚುತ್ತಿದೆ ಎಂದುಕೊಳ್ಳೋಣ.

ಎರಡನೇ ರೂಟರನ್ನು ಜಾಲಕ್ಕೆ ಸೇರಿಸುವ ಮುಂಚೆ ಒಂಟಿಯಾಗಿ ಸಿದ್ಧಪಡಿಸುವುದು ಕ್ರಮ. ಹಿಂಬದಿಯ ರಿಸೆಟ್ ಗುಂಡಿಯನ್ನು ಸುಮಾರು 10 ಸೆಕೆಂಡ್ ಒತ್ತಿಹಿಡಿದರೆ ಹಳೆಯ ಸಂಪರ್ಕದ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲವೂ ಅಳಿಯುತ್ತವೆ. ಲ್ಯಾಪ್‌ಟಾಪನ್ನು ಅದರ ಲ್ಯಾನ್ ಪೋರ್ಟಿಗೆ ಕೇಬಲ್‌ನಿಂದ ಜೋಡಿಸಿ, ಬ್ರೌಸರಿನಲ್ಲಿ ಅದರ ತಳದ ಚೀಟಿಯಲ್ಲಿರುವ ವಿಳಾಸ ತೆರೆಯಬೇಕು. ಅಲ್ಲಿ ಮೊದಲಿಗೆ ಲ್ಯಾನ್ ವಿಳಾಸವನ್ನು 192.168.1.2 ಎಂದು ಬದಲಿಸಿ ಉಳಿಸಬೇಕು, ಸಬ್‌ನೆಟ್ ಮಾಸ್ಕ್ 255.255.255.0. ಈ ವಿಳಾಸ ಮುಖ್ಯ ರೂಟರ್ ಹಂಚುವ ವ್ಯಾಪ್ತಿಯ ಹೊರಗಿರುವುದು ಮುಖ್ಯ; ಇಲ್ಲವಾದರೆ ಒಂದು ದಿನ ಅದೇ ವಿಳಾಸ ಯಾವುದೋ ಫೋನಿಗೂ ಹೋಗುತ್ತದೆ.

ಪೆಟ್ಟಿಗೆ ಮರುಚಾಲನೆಗೊಂಡ ಮೇಲೆ ಹೊಸ ವಿಳಾಸದಲ್ಲಿ ಮತ್ತೆ ಒಳಹೋಗಿ ವೈಫೈ ಹೆಸರು, ಪಾಸ್‌ವರ್ಡ್, ಚಾನೆಲ್ ಹಾಕಿ, ಕಟ್ಟಕಡೆಗೆ ಡಿಎಚ್‌ಸಿಪಿ ಸರ್ವರನ್ನು ನಿಲ್ಲಿಸಬೇಕು. ಈ ಅನುಕ್ರಮಕ್ಕೆ ಕಾರಣವಿದೆ. ಡಿಎಚ್‌ಸಿಪಿ ನಿಂತ ಕೂಡಲೇ ಒಂಟಿ ಪೆಟ್ಟಿಗೆಗೆ ಜೋಡಿಸಿದ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರೇ ಇರುವುದಿಲ್ಲ. ಆಗ ಅದು 169.254ರಿಂದ ಆರಂಭವಾಗುವ ವಿಳಾಸವನ್ನು ತಾನೇ ಹಾಕಿಕೊಳ್ಳುತ್ತದೆ ಮತ್ತು ರೂಟರಿನ ಪುಟ ತೆರೆಯುವುದಿಲ್ಲ. ಕೆಲಸ ಬಾಕಿ ಉಳಿದಿದ್ದರೆ ಲ್ಯಾಪ್‌ಟಾಪಿಗೆ 192.168.1.50 ಎಂಬಂಥ ವಿಳಾಸವನ್ನು ಕೈಯಾರೆ ಕೊಟ್ಟು ಒಳಹೋಗಬಹುದು.

ಹಳೆಯ ಕೈಪಿಡಿಗಳಲ್ಲಿ ಇಲ್ಲದ ಇನ್ನೊಂದು ಹೆಜ್ಜೆ ಇಂದು ಬೇಕು. ಎರಡನೇ ರೂಟರಿನಲ್ಲಿ ಐಪಿವಿ6 ಸೌಲಭ್ಯವಿದ್ದರೆ ಅದರ ರೂಟರ್ ಪ್ರಕಟಣೆ ಮತ್ತು ಡಿಎಚ್‌ಸಿಪಿವಿ6ಗಳನ್ನೂ ನಿಲ್ಲಿಸಬೇಕು. ಭಾರತದ ಪ್ರಮುಖ ಸೇವಾ ಕಂಪನಿಗಳು ಐಪಿವಿ6 ಒದಗಿಸುತ್ತಿರುವುದರಿಂದ, ಇದನ್ನು ಮರೆತರೆ ಕೆಲವು ತಾಣಗಳು ಮಾತ್ರ ತೆರೆಯದ ವಿಚಿತ್ರ ತೊಂದರೆ ಕಾಣಿಸಬಹುದು.

ಈಗ ಪೆಟ್ಟಿಗೆಯನ್ನು ಮೇಲುಮಹಡಿಗೆ ಒಯ್ದು ಕೇಬಲನ್ನು ಲ್ಯಾನ್ ಪೋರ್ಟಿಗೆ ಹಾಕಬೇಕು. ಫೋನ್ ಅದಕ್ಕೆ ಸೇರಿದಾಗ 192.168.1.100ರ ಸರಣಿಯ ವಿಳಾಸ ಮತ್ತು 192.168.1.1 ಎಂಬ ಗೇಟ್‌ವೇ ಕಂಡರೆ ಅಳವಡಿಕೆ ಸರಿಯಾಗಿದೆ. ಪಿಪಿಪಿಒಇ ಲಾಗಿನ್ ಬಳಸುವ ಸಂಪರ್ಕಗಳಲ್ಲಿ ಆ ಲಾಗಿನ್ ಮುಖ್ಯ ರೂಟರಿನಲ್ಲಷ್ಟೇ ಇರಬೇಕು, ಎರಡನೆಯದರಲ್ಲಿ ಅದನ್ನು ಹಾಕುವ ಅಗತ್ಯವಿಲ್ಲ.

ಎಪಿ ಮೋಡ್ ಇರುವ ರೂಟರಿನಲ್ಲಿ ಇಷ್ಟೂ ಕೆಲಸ ಒಂದು ಆಯ್ಕೆಯಿಂದ ಆಗುತ್ತದೆ. ಆದರೆ ಆಗ ಪೆಟ್ಟಿಗೆ ತನ್ನ ವಿಳಾಸವನ್ನು ಮುಖ್ಯ ರೂಟರಿನಿಂದ ಪಡೆಯುವುದರಿಂದ ಹಳೆಯ ವಿಳಾಸದಲ್ಲಿ ಅದರ ಪುಟ ಸಿಗುವುದಿಲ್ಲ. ಮುಖ್ಯ ರೂಟರಿನ ಸಾಧನಗಳ ಪಟ್ಟಿಯಲ್ಲಿ ಹೊಸ ವಿಳಾಸವನ್ನು ಹುಡುಕಿ, ಅದನ್ನು ಅದಕ್ಕೇ ಕಾಯ್ದಿರಿಸಿದರೆ ಮುಂದೆ ತಡಕಾಟ ತಪ್ಪುತ್ತದೆ.

ಹೆಸರು, ಚಾನೆಲ್ ಮತ್ತು ರೋಮಿಂಗ್

ಎರಡೂ ಪೆಟ್ಟಿಗೆಗಳಿಗೆ ಒಂದೇ ಎಸ್‌ಎಸ್‌ಐಡಿ (ವೈಫೈ ಹೆಸರು), ಒಂದೇ ಪಾಸ್‌ವರ್ಡ್, ಒಂದೇ ಬಗೆಯ ಭದ್ರತೆ ಕೊಟ್ಟರೆ ಫೋನ್ ಅವನ್ನು ಒಂದೇ ಜಾಲವೆಂದು ತಿಳಿಯುತ್ತದೆ. ಚಾನೆಲ್ ಮಾತ್ರ ಬೇರೆ ಇರಬೇಕು. ವೈಫೈ ಸಾಧನಗಳು ಮಾತಾಡುವ ಮುನ್ನ ಗಾಳಿ ಖಾಲಿ ಇದೆಯೇ ಎಂದು ಆಲಿಸುತ್ತವೆ. ಒಂದೇ ಚಾನೆಲ್‌ನಲ್ಲಿ ಎರಡು ಎಪಿಗಳಿದ್ದರೆ ಒಂದು ಮಾತಾಡುವಾಗ ಇನ್ನೊಂದು ಕಾಯಬೇಕು.

2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಭಾರತದಲ್ಲಿ 1ರಿಂದ 13ರವರೆಗೆ ಚಾನೆಲ್‌ಗಳಿದ್ದರೂ ಒಂದರ ಮೇಲೊಂದು ಹರಡದ ಮೂರು ಎಂದರೆ 1, 6 ಮತ್ತು 11. ಕೆಳಮಹಡಿಗೆ 1, ಮೇಲುಮಹಡಿಗೆ 11 ಎಂಬುದು ಒಳ್ಳೆಯ ಹಂಚಿಕೆ, ಚಾನೆಲ್ ಅಗಲ 20 ಮೆಗಾಹರ್ಟ್ಸ್. ಅಪಾರ್ಟ್‌ಮೆಂಟುಗಳಲ್ಲಿ ನೆರೆಯವರ ಹತ್ತಾರು ರೂಟರುಗಳು ಇದೇ ಮೂರರಲ್ಲಿ ಕಿಕ್ಕಿರಿದಿರುತ್ತವೆ, ಅಲ್ಲಿ 5 ಗಿಗಾಹರ್ಟ್ಸ್ ಅನಿವಾರ್ಯ. ಅದರಲ್ಲಿ ಒಂದಕ್ಕೆ 36, ಇನ್ನೊಂದಕ್ಕೆ 149 ಕೊಟ್ಟರೆ 80 ಮೆಗಾಹರ್ಟ್ಸ್ ಅಗಲದಲ್ಲೂ ಢಿಕ್ಕಿ ಇರುವುದಿಲ್ಲ. ನಡುವಿನ 52ರಿಂದ 144ರ ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ಡಿಎಫ್‌ಎಸ್ ನಿಯಮದಂತೆ ರೇಡಾರ್ ಸಂಕೇತ ಕೇಳಿಸಿದರೆ ರೂಟರ್ ಆ ಚಾನೆಲ್ ಬಿಟ್ಟು ಸರಿಯಬೇಕಾಗುತ್ತದೆ.

ಒಂದು ಎಪಿಯಿಂದ ಇನ್ನೊಂದಕ್ಕೆ ಯಾವಾಗ ಜಿಗಿಯಬೇಕೆಂದು ತೀರ್ಮಾನಿಸುವುದು ಫೋನ್. ಐಫೋನ್ ಸಿಗ್ನಲ್ -70 ಡಿಬಿಎಂಗೆ ಇಳಿದಾಗ ಬೇರೆ ಎಪಿ ಹುಡುಕಲು ತೊಡಗುತ್ತದೆ ಎಂದು ಆಪಲ್ ತನ್ನ ದಾಖಲೆಗಳಲ್ಲಿ ಹೇಳಿದೆ. ಕೆಳಗಿನ ರೂಟರಿನ ಸಿಗ್ನಲ್ ಮೇಲೆಯೂ -68 ಇದ್ದರೆ, ಪಕ್ಕದಲ್ಲೇ ಬಲವಾದ ಎಪಿ ಇದ್ದರೂ ಫೋನ್ ಹಳೆಯದಕ್ಕೇ ಅಂಟಿಕೊಳ್ಳುತ್ತದೆ. ಜನ ಸಾಮಾನ್ಯವಾಗಿ ಇದಕ್ಕೆ ಸಿಗ್ನಲ್ ಬಲ ಹೆಚ್ಚಿಸಲು ಹೊರಡುತ್ತಾರೆ. ಪರಿಹಾರ ಇರುವುದು ತದ್ವಿರುದ್ಧ ದಿಕ್ಕಿನಲ್ಲಿ. ಎರಡೂ ರೂಟರುಗಳ ಪ್ರಸಾರ ಶಕ್ತಿಯನ್ನು ಸ್ವಲ್ಪ ಇಳಿಸಿದರೆ ಜಿಗಿತ ಸಲೀಸಾಗುತ್ತದೆ. 2008ರ 802.11ಆರ್ ಮತ್ತು 802.11ಕೆ, 2011ರ 802.11ವಿ ಮಾನಕಗಳು ಈ ಜಿಗಿತಕ್ಕೆ ನೆರವಾಗುತ್ತವೆ, ಆದರೆ ಹಳೆಯ ಅಗ್ಗದ ರೂಟರುಗಳಲ್ಲಿ ಅವು ಅಪರೂಪ.

ಭದ್ರತೆ

ಮನೆಜಾಲದ ಗಟ್ಟಿತನ ಅದರ ಅತಿ ಹಳೆಯ ಎಪಿಯಷ್ಟೇ. 1997ರ ಡಬ್ಲ್ಯುಇಪಿ ಗೂಢಲಿಪಿ 2001ರಲ್ಲೇ ಮುರಿದುಬಿತ್ತು. ಅದಷ್ಟನ್ನೇ ಬಲ್ಲ ಪೆಟ್ಟಿಗೆಯನ್ನು ಬಳಸಲೇಬಾರದು. 2004ರ ಡಬ್ಲ್ಯುಪಿಎ2 ಕನಿಷ್ಠ, 2018ರ ಡಬ್ಲ್ಯುಪಿಎ3 ಉತ್ತಮ.

ಡಬ್ಲ್ಯುಪಿಎಸ್ ಎಂಬ ಸುಲಭ ಜೋಡಣೆಯನ್ನು ನಿಲ್ಲಿಸಿಡುವುದು ಕ್ಷೇಮ. ಅದರ ಪಿನ್ ಎಂಟು ಅಂಕಿಗಳದು. ಆದರೆ ರೂಟರ್ ಮೊದಲ ನಾಲ್ಕನ್ನು ಪ್ರತ್ಯೇಕವಾಗಿ ಪರೀಕ್ಷಿಸುತ್ತದೆ, ಕೊನೆಯದು ಬರಿಯ ತಾಳೆಯ ಅಂಕಿ. ಹೀಗಾಗಿ ಹತ್ತು ಕೋಟಿಯ ಬದಲು 11,000 ಊಹೆಗಳೇ ಸಾಕಾಗುತ್ತವೆ ಎಂಬುದು 2011ರ ಡಿಸೆಂಬರಿನಲ್ಲಿ ಬಯಲಾಯಿತು.

ಎಪಿ ಮುಖ್ಯ ರೂಟರಿನ ಫೈರ್‌ವಾಲ್ ಹಿಂದೆ ಇರುವುದರಿಂದ ಹೊರಗಿನ ದಾಳಿಗೆ ನೇರವಾಗಿ ಒಡ್ಡಿಕೊಂಡಿರುವುದಿಲ್ಲ. ಆದರೂ ಅದರ ಆಡಳಿತ ಪುಟದ ಪಾಸ್‌ವರ್ಡನ್ನು ಬದಲಿಸಿ ಫರ್ಮ್‌ವೇರನ್ನು ನವೀಕರಿಸಬೇಕು. ಅತಿಥಿ ಜಾಲದ ಬಗ್ಗೆ ವಿಶೇಷ ಎಚ್ಚರ ಬೇಕು. ಅತಿಥಿಗಳನ್ನು ಮನೆಯ ಸಾಧನಗಳಿಂದ ಬೇರ್ಪಡಿಸುವ ಕೆಲಸ ಸಾಮಾನ್ಯವಾಗಿ ರೂಟರ್ ಭಾಗದ್ದು, ಆ ಭಾಗ ನಿಂತ ಮೇಲೆ ಅನೇಕ ಮಾದರಿಗಳಲ್ಲಿ ಹೆಸರಿಗೆ ಅತಿಥಿ ಜಾಲ ಉಳಿದರೂ ಬೇರ್ಪಡಿಕೆ ಉಳಿಯುವುದಿಲ್ಲ.

ಬಳಕೆ ಮತ್ತು ಮಿತಿ

ಮೇಲುಮಹಡಿಯ ಆನ್‌ಲೈನ್ ಪಾಠ, ಮನೆಯಿಂದಲೇ ಕಚೇರಿ ಕೆಲಸ, ಗೇಟಿನ ಬಳಿಯ ಕ್ಯಾಮೆರಾ ಇವು ಎಪಿಯ ಸಾಮಾನ್ಯ ಉಪಯೋಗಗಳು. ಉಳಿದ ಲ್ಯಾನ್ ಪೋರ್ಟ್‌ಗಳು ಸ್ವಿಚ್ ಆಗಿ ಒದಗುವುದರಿಂದ ಟಿವಿ, ಕಂಪ್ಯೂಟರುಗಳಿಗೆ ಅಲ್ಲಿಂದಲೇ ತಂತಿ ಕೊಡಬಹುದು. ಎರಡು ಪೆಟ್ಟಿಗೆಗಳ ನಡುವೆ ಭದ್ರತೆಗೆಂದು ಎರಡು ಕೇಬಲ್ ಹಾಕಬಾರದು. ಒಂದೇ ಸಂದೇಶ ಆ ಬಳಸಿನಲ್ಲಿ ಕೊನೆಯಿಲ್ಲದೆ ಸುತ್ತಿ ಕ್ಷಣಗಳಲ್ಲಿ ಇಡೀ ಜಾಲ ನಿಂತುಹೋಗುತ್ತದೆ.

ಎಪಿ ಇಂಟರ್ನೆಟ್ ಯೋಜನೆಯ ವೇಗವನ್ನು ಹೆಚ್ಚಿಸುವುದಿಲ್ಲ. 100 ಮೆಗಾಬಿಟ್ ಸಂಪರ್ಕ ಮೇಲೆಯೂ 100 ಮೆಗಾಬಿಟ್ಟೇ. ವಿದ್ಯುತ್ ಖರ್ಚು ಅಲ್ಪ: 10 ವ್ಯಾಟಿನ ರೂಟರ್ ಹಗಲಿರುಳು ಓಡಿದರೆ ವರ್ಷಕ್ಕೆ ಸುಮಾರು 88 ಯೂನಿಟ್. ಕರೆಂಟ್ ಹೋದಾಗ ಕೆಳಗಿನ ಓಎನ್‌ಟಿ ಮಾತ್ರ ಯುಪಿಎಸ್ ಮೇಲಿದ್ದು ಮೇಲಿನ ಎಪಿ ಆರಿದರೆ ಪ್ರಯೋಜನವಿಲ್ಲ. ರೂಟರಿಗೆಂದೇ ಸಿಗುವ 12 ವೋಲ್ಟ್‌ನ ಪುಟ್ಟ ಯುಪಿಎಸ್ ಎರಡೂ ಕಡೆ ಬೇಕು. ಕೊಳ್ಳುವಾಗ ರೂಟರಿನ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ಅದಕ್ಕೆ ಹೊಂದುತ್ತವೆಯೇ ಎಂದು ನೋಡಬೇಕು.

ಇಂದಿನ ಸ್ಥಿತಿ

ಈರೋ ಮತ್ತು ಗೂಗಲ್ ವೈಫೈ 2016ರಲ್ಲಿ ಬಂದ ಮೇಲೆ ಮೆಶ್ ಕಿಟ್‌ಗಳು ಮಾರುಕಟ್ಟೆಯನ್ನು ಹಿಡಿದವು. ಹೆಸರು, ಚಾನೆಲ್, ರೋಮಿಂಗ್ ಎಲ್ಲವನ್ನೂ ಇವು ತಾವೇ ಹೊಂದಿಸಿಕೊಳ್ಳುತ್ತವೆ. ಪೆಟ್ಟಿಗೆಗಳ ನಡುವೆ ಕೇಬಲ್ ಹಾಕಿದರೆ ಮೆಶ್ ಕಿಟ್ ಕೂಡ ಒಳಗೊಳಗೇ ಈ ಲೇಖನ ವಿವರಿಸಿದ ಎಪಿ ಜೋಡಣೆಯೇ ಆಗುತ್ತದೆ. ಕೇಬಲ್ ಇಲ್ಲದಿದ್ದರೆ ರಿಪೀಟರಿನ ಸುಧಾರಿತ ರೂಪ. ಆಸುಸ್‌ನ ಐಮೆಶ್ ಅದೇ ಕಂಪನಿಯ ಹಲವು ಹಳೆಯ ರೂಟರುಗಳನ್ನೂ ಸೇರಿಸಿಕೊಳ್ಳುತ್ತದೆ. ವೈಫೈ ಅಲಯನ್ಸ್ 2018ರಲ್ಲಿ ತಂದ ಈಸಿಮೆಶ್, ಬೇರೆ ಬೇರೆ ಕಂಪನಿಗಳ ಪೆಟ್ಟಿಗೆಗಳನ್ನು ಹೊಂದಿಸುವ ಪ್ರಯತ್ನ. ಕಚೇರಿಗಳಲ್ಲಿ ಬಳಕೆಯಲ್ಲಿದ್ದ, ಕೇಬಲ್‌ನಲ್ಲೇ ವಿದ್ಯುತ್ ಪಡೆಯುವ ಛಾವಣಿ ಎಪಿಗಳೂ ಮನೆಗಳಿಗೆ ಬರತೊಡಗಿವೆ.

ತಯಾರಕರು ಕೈಬಿಟ್ಟ ಹಳೆಯ ರೂಟರುಗಳಿಗೆ ಓಪನ್‌ಡಬ್ಲ್ಯುಆರ್‌ಟಿ ಆಯುಸ್ಸು ಕೊಡುತ್ತಿದೆ, ಆದರೆ 4 ಎಂಬಿ ಫ್ಲ್ಯಾಷ್ ಮತ್ತು 32 ಎಂಬಿ ರ‍್ಯಾಮ್‌ನ ತೀರಾ ಹಳೆಯವು ಅದರ ಈಗಿನ ಆವೃತ್ತಿಗಳಿಗೆ ಸಾಲುವುದಿಲ್ಲ. ಅಂಥವು ವಿದ್ಯುನ್ಮಾನ ತ್ಯಾಜ್ಯ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ಅವು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು.

ಭಾರತ 2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಸ್‌ನ ಒಟ್ಟು 605 ಮೆಗಾಹರ್ಟ್ಸ್ ಅನ್ನು ಲೈಸೆನ್ಸ್‌ಮುಕ್ತಗೊಳಿಸಿತು. 2025ರ ಮೇ ತಿಂಗಳಲ್ಲಿ 5925ರಿಂದ 6425 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಕಡಿಮೆ ಶಕ್ತಿಯ ವೈಫೈಗೆ ತೆರೆಯುವ ಕರಡು ನಿಯಮಗಳು ಪ್ರಕಟವಾದವು. 2024ರಲ್ಲಿ ಪ್ರಮಾಣೀಕರಣ ಆರಂಭವಾದ ವೈಫೈ 7ರ 320 ಮೆಗಾಹರ್ಟ್ಸ್ ಅಗಲದ ಚಾನೆಲ್ ಆ ಪಟ್ಟಿಯಲ್ಲಿ ಹಿಡಿಸುವುದು ಒಂದೇ. 6 ಗಿಗಾಹರ್ಟ್ಸ್ ಗೋಡೆಗಳನ್ನು 5ಕ್ಕಿಂತಲೂ ಕಷ್ಟದಿಂದ ದಾಟುತ್ತದೆ. ಅದರ ಪೂರ್ತಿ ವೇಗ ಬೇಕೆನ್ನುವ ಮನೆಗೆ ಮಹಡಿಗೊಂದು ಎಪಿ ಸಾಲದೆ ಕೋಣೆಗೊಂದು ಬೇಕಾಗಬಹುದು. ಹೊಸ ಮನೆಯ ವೈರಿಂಗ್ ಮಾಡಿಸುವವರು ವಿದ್ಯುತ್ ಪೈಪಿನಿಂದ ಬೇರೆಯಾಗಿ, ಹಾಲ್‌ನಿಂದ ಪ್ರತಿ ಕೋಣೆಗೂ ಒಂದೊಂದು ಖಾಲಿ ಪಿವಿಸಿ ಪೈಪನ್ನು ಗೋಡೆಯೊಳಗೆ ಹಾಯಿಸಿಟ್ಟರೆ, ಮುಂದೆ ಯಾವ ತಲೆಮಾರಿನ ಎಪಿ ಬಂದರೂ ಅದರಲ್ಲಿ ಕೇಬಲ್ ಎಳೆಯಬಹುದು.